ಟೂಟೂ ರೈಫಲ್ ಹುಸಿ ಹೋಗುತ್ತಿದೆಯಾ? ಮೊದಲು ತೋಟಾದ ಅಂಚು ನೋಡಿ

ಮಳೆಗಾಲ ಮುಗಿದು ಕೋವಿ ಹೊರಗೆ ತೆಗೆಯುವ ಹೊತ್ತಿಗೆ ನಮ್ಮ ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆಯೆಲ್ಲ ಒಂದೇ ದೂರು. ಟ್ರಿಗರ್ ಎಳೆದರೆ ಟಿಕ್ ಅನ್ನುತ್ತದೆ, ಈಡು ಹಾರುವುದಿಲ್ಲ. ಇಲ್ಲವೇ ಟ್ರಿಗರ್ ಕಲ್ಲಿನ ಹಾಗೆ ಬಿಗಿ, ಎಳೆದ ಮೇಲೆ ವಾಪಸ್ ಬರುವುದಿಲ್ಲ. ಆಗ ಕೆಲವರು ತೋಟಾ ಹಳೇದು ಅಂತ ಬೈದು ಬೇರೆ ಪೆಟ್ಟಿಗೆ ಹುಡುಕುತ್ತಾರೆ. ಇನ್ನು ಕೆಲವರು ಸ್ಕ್ರೂಡ್ರೈವರ್ ಹಿಡಿದು ನೇರ ಟ್ರಿಗರ್‌ಗೇ ಕೈ ಹಾಕುತ್ತಾರೆ. ಎರಡನ್ನೂ ಸ್ವಲ್ಪ ತಡೆಯಿರಿ. ಹುಸಿ ಹೋದ ತೋಟಾವನ್ನು ಬೆಳಕಿಗೆ ಹಿಡಿದು ಅದರ ಅಂಚು ನೋಡಿ. ಎಲ್ಲಿ ಹುಡುಕಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಇಲ್ಲಿ ಹೇಳುತ್ತಿರುವುದೆಲ್ಲ ಲೈಸೆನ್ಸ್ ಇರುವ .22 (ಟೂಟೂ) ಬೋಲ್ಟ್ ರೈಫಲ್ ಬಗ್ಗೆ, ಅಂದರೆ ನಳಿಗೆಯ ಹಿಂಭಾಗ ಮುಚ್ಚುವ ಬೋಲ್ಟ್ ಅನ್ನುವ ಉಕ್ಕಿನ ಭಾಗವನ್ನು ಕೈಯಲ್ಲಿ ಎಳೆದು ತೆಗೆಯುವ ರೈಫಲ್. ತೋಟದ ಮನೆಗಳಲ್ಲಿರುವ ಹಳೇ ಬ್ರನೋ, ಬಿಎಸ್‌ಎ, ಕ್ಲಬ್‌ನವರ ಹತ್ತಿರ ಇರುವ ಆನ್‌ಶುಟ್ಜ್, ಎಲ್ಲದಕ್ಕೂ ತತ್ವ ಒಂದೇ. ಹನ್ನೆರಡು ಬೋರಿನ ಕೋವಿಗೆ ಇದರಲ್ಲಿ ಅರ್ಧ ಹೊಂದುವುದಿಲ್ಲ, ಅದರ ತೋಟಾ ಸಿಡಿಯುವ ರೀತಿಯೇ ಬೇರೆ.

ಟಿಕ್ ಅಂದ ಕೂಡಲೇ

ಬೋಲ್ಟ್ ಎಳೆಯಬೇಡಿ. ನಳಿಗೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರ್‌ನಿಂದ ಹೊರಗೆ ಬರಲಿ, ಕನಿಷ್ಠ 30 ಸೆಕೆಂಡ್ ಸುಮ್ನೆ ಕಾಯಿರಿ. ನಾನು ಒಂದು ನಿಮಿಷ ಕಾಯುತ್ತೇನೆ. ಕೆಲವು ಸಲ ಒಳಗಿನ ಮದ್ದು ತಡವಾಗಿ ಹತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಬೋಲ್ಟ್ ತೆಗೆದಿದ್ದರೆ ತೋಟಾ ಆಧಾರವಿಲ್ಲದೆ ಬಿಚ್ಚಿದ ಜಾಗದಲ್ಲೇ ಒಡೆಯುತ್ತದೆ, ತೆಳು ಹಿತ್ತಾಳೆಯ ಚೂರು ಕಣ್ಣಿಗೆ ಬರುತ್ತದೆ. ಕಾದ ಮೇಲೂ ಮುಖವನ್ನು ಬೋಲ್ಟ್‌ನ ನೇರದಿಂದ ಪಕ್ಕಕ್ಕೆ ಸರಿಸಿ, ನಿಧಾನ ತೆಗೆಯಿರಿ.

ಟಿಕ್ ಬದಲು 'ಟುಸ್' ಅಂತ ಮೆತ್ತಗಿನ ಸದ್ದು ಬಂದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಗುಂಡು ನಳಿಗೆಯ ಮಧ್ಯದಲ್ಲೇ ನಿಂತಿರಬಹುದು. ಇನ್ನೊಂದು ತೋಟಾ ಹಾಕಿ ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಬೋಲ್ಟ್ ಪೂರ್ತಿ ಹೊರಗೆ ತೆಗೆದು, ಹಿಂದಿನಿಂದ ನಳಿಗೆಯೊಳಗೆ ಬೆಳಕು ಕಾಣುತ್ತದಾ ನೋಡಿ. ಕಾಣದಿದ್ದರೆ ಅವತ್ತಿನ ಶೂಟಿಂಗ್ ಮುಗಿಯಿತು. ಸಿಕ್ಕಿದ ಗುಂಡನ್ನು ಕಬ್ಬಿಣದ ಸರಳಿನಲ್ಲಿ ಗುದ್ದಿ ತೆಗೆಯಲು ಹೋಗಬೇಡಿ, ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೀರು ಹಾಳಾದರೆ ಆ ನಳಿಗೆ ಮತ್ತೆ ಸರಿಯಾಗಿ ಗುರಿ ಹೊಡೆಯುವುದಿಲ್ಲ.

ಅಂಚು ಯಾಕೆ ನೋಡಬೇಕು

ಹನ್ನೆರಡು ಬೋರಿನ ತೋಟಾಕ್ಕೆ ತಳದ ಮಧ್ಯದಲ್ಲಿ ಒಂದು ಕ್ಯಾಪ್ ಇರುತ್ತದೆ. .22ಕ್ಕೆ ಅದು ಇಲ್ಲ. ಹಿತ್ತಾಳೆಯ ತಳವನ್ನು ಸುತ್ತಲೂ ಮಡಚಿ ಅಂಚು ಮಾಡಿರುತ್ತಾರೆ, ಆ ಟೊಳ್ಳು ಮಡಿಕೆಯೊಳಗೆ ಸಿಡಿಯುವ ಮದ್ದು ಕೂತಿರುತ್ತದೆ. ಫೈರಿಂಗ್ ಪಿನ್ ಬಂದು ಅಂಚನ್ನು ನಳಿಗೆಯ ಹಿಂಭಾಗಕ್ಕೆ ಒತ್ತಿ ಜಜ್ಜಿದಾಗ ಮಧ್ಯದಲ್ಲಿ ಸಿಕ್ಕ ಮದ್ದು ಹತ್ತುತ್ತದೆ. ಈ ಉಪಾಯ ತುಂಬಾ ಹಳೆಯದು. ಫ್ರಾನ್ಸ್‌ನ ಫ್ಲೋಬೆರ್ 1845ರಲ್ಲಿ ಮಾಡಿದ ಪುಟ್ಟ ತೋಟಾದಿಂದ ಶುರುವಾಗಿ, 1857ರ .22 ಶಾರ್ಟ್ ಆಗಿ, 1887ರಲ್ಲಿ ನಾವು ಈಗಲೂ ಬಳಸುವ .22 ಲಾಂಗ್ ರೈಫಲ್ ಆಯಿತು. ಮದ್ದನ್ನು ಒದ್ದೆಯಾಗಿ ಹಾಕಿ, ಜೋರಾಗಿ ತಿರುಗಿಸಿ ಅಂಚಿನ ಸುತ್ತ ಹರಡಿಸುವ ಕ್ರಮ ಇವತ್ತಿಗೂ ಇದೆ. ಹರಡುವಾಗ ಒಂದು ಕಡೆ ಖಾಲಿ ಬಿಟ್ಟರೆ, ಪಿನ್ ಅಲ್ಲೇ ಬಿದ್ದರೆ, ಕೋವಿ ಎಷ್ಟೇ ಚೆನ್ನಾಗಿದ್ದರೂ ಈಡು ಹಾರುವುದಿಲ್ಲ. ಹಾಗಾಗಿ 50 ತೋಟಾದ ಒಂದು ಪೆಟ್ಟಿಗೆಯಲ್ಲಿ ಒಂದು ಹುಸಿ ಹೋದರೆ ಕೋವಿಯನ್ನು ಬಿಚ್ಚುವ ಅಗತ್ಯ ಇಲ್ಲ. ನಾಲ್ಕಕ್ಕೊಂದು ಐದಕ್ಕೊಂದು ಹುಸಿ ಹೋಗುತ್ತಿದ್ದರೆ ಹುಡುಕಲೇಬೇಕು.

ಗುರುತು ಓದುವುದು ಹೀಗೆ. ಅಂಚಿನಲ್ಲಿ ಪಿನ್ನಿನ ತಗ್ಗು ಆಳವಾಗಿದೆ, ಉಗುರು ಇಟ್ಟರೆ ಸಿಕ್ಕಿಕೊಳ್ಳುತ್ತದೆ, ಆದರೂ ಹಾರಿಲ್ಲ ಅಂದರೆ ಅನುಮಾನ ತೋಟಾದ ಮೇಲೆ. ರೇಂಜ್‌ನಲ್ಲೇ ಅದನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಂದು ಸಲ ಹೊಡೆದು ನೋಡಿ. ಹಾರಿದರೆ ಮದ್ದು ಒಂದು ಕಡೆ ಖಾಲಿ ಇತ್ತು ಅಂತ ಅರ್ಥ. ಆಗಲೂ ಹಾರದಿದ್ದರೆ ಆ ತೋಟಾವನ್ನು ಬೇರೆ ಇಡಿ, ಮೂರನೇ ಸಲ ಹೊಡೆಯುತ್ತಾ ಕೂರಬೇಡಿ. ತಗ್ಗು ತೆಳುವಾಗಿದ್ದರೆ, ಅಂದರೆ ಸುಮ್ನೆ ಗೀಚಿದ ಹಾಗೆ ಕಂಡರೆ, ಪಿನ್ನಿಗೆ ಬಲ ಸಾಲುತ್ತಿಲ್ಲ ಅಥವಾ ತೋಟಾ ಗಟ್ಟಿಯಾಗಿ ಕೂತಿಲ್ಲ. ತಗ್ಗು ಅಂಚು ಬಿಟ್ಟು ಒಳಕ್ಕೆ ಬಿದ್ದಿದ್ದರೆ ಪಿನ್ ಸವೆದಿದೆ, ಬಾಗಿದೆ ಅಥವಾ ತನ್ನ ಜಾಗದಲ್ಲಿ ಸಡಿಲ ಆಗಿದೆ. ಗುರುತೇ ಇಲ್ಲದಿದ್ದರೆ ಪಿನ್ ತುಂಡಾಗಿದೆ, ಇಲ್ಲ ಬೋಲ್ಟ್ ಕಾಕ್ ಆಗಿಲ್ಲ (ಪಿನ್ನಿನ ಸ್ಪ್ರಿಂಗ್ ಒತ್ತಿಕೊಂಡು ಹೊಡೆಯಲು ಸಿದ್ಧವಾಗಿ ನಿಂತಿಲ್ಲ), ಇಲ್ಲ ಮ್ಯಾಗಜಿನ್‌ನಿಂದ ತೋಟಾ ಮೇಲೆ ಬರದೆ ಖಾಲಿ ಕೋಣೆಗೆ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಹೊಡೆದಿದ್ದೀರಿ.

ಖಾಲಿ ಕೇಸಿನ ಪರೀಕ್ಷೆ

ಇದನ್ನು ಮನೆಯಲ್ಲೇ ಮಾಡಬಹುದು, ಜೀವಂತ ತೋಟಾ ಬೇಡ. ಬೇಡ ಅನ್ನುವುದಕ್ಕಿಂತ ನೀವು ಕೂತ ರೂಮಿನಲ್ಲೇ ಅದು ಇರಬಾರದು. ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ ತೆಗೆದು ಕೋವಿಯ ಕೋಣೆಯನ್ನು ಕಣ್ಣಲ್ಲಿ ನೋಡಿ, ಕಿರುಬೆರಳಿನ ತುದಿಯಿಂದ ಮುಟ್ಟಿಯೂ ನೋಡಿ. ಆಮೇಲೆ ಅದೇ ಕೋವಿಯಲ್ಲಿ ಹೊಡೆದ ಒಂದು ಖಾಲಿ ಕೇಸನ್ನು (ಗುಂಡು ಹೋದ ಮೇಲೆ ಉಳಿಯುವ ಹಿತ್ತಾಳೆ ಕೊಳವೆ), ಹಳೇ ಗುರುತು ಪಕ್ಕಕ್ಕೆ ಬರುವ ಹಾಗೆ ತಿರುಗಿಸಿ ಹಾಕಿ, ಬೋಲ್ಟ್ ಮುಚ್ಚಿ, ಟ್ರಿಗರ್ ಎಳೆಯಿರಿ. ತೆಗೆದು ಹೊಸ ತಗ್ಗು ನೋಡಿ. ಇನ್ನಷ್ಟು ತಿರುಗಿಸಿ ಇನ್ನೊಂದು ಸಲ. ಹೀಗೆ ಅಂಚಿನ ಸುತ್ತ ನಾಲ್ಕೈದು ಗುರುತು ಬರಲಿ. ಎಲ್ಲ ಒಂದೇ ಆಳ ಇದ್ದರೆ ಪಿನ್, ಸ್ಪ್ರಿಂಗ್ ಸರಿ ಇವೆ. ಒಂದು ಆಳ, ಒಂದು ತೆಳು ಅಂತ ಬಂದರೆ ಬೋಲ್ಟ್ ಒಳಗೆ ಏನೋ ತಡೆಯುತ್ತಿದೆ. ಎಲ್ಲವೂ ತೆಳುವಾದರೆ ಸ್ಪ್ರಿಂಗ್ ಸೋತಿದೆ ಅಥವಾ ಪಿನ್ನಿನ ತುದಿ ಸವೆದಿದೆ.

ಇದರಲ್ಲೇ ಇನ್ನೊಂದು ಸುಳಿವು ಸಿಗುತ್ತದೆ. ಖಾಲಿ ಕೇಸಿಗೆ ಆಳವಾದ ತಗ್ಗು ಬೀಳುತ್ತದೆ, ಆದರೆ ರೇಂಜ್‌ನಲ್ಲಿ ಹುಸಿ ಹೋದ ತೋಟಾದ ಮೇಲೆ ತಗ್ಗು ತೆಳು, ಅದೇ ತೋಟಾ ಎರಡನೇ ಹೊಡೆತಕ್ಕೆ ಹಾರುತ್ತದೆ. ಇಂಥ ಕೋವಿಯ ಪಿನ್ನನ್ನು ಮುಟ್ಟಬೇಡಿ, ಕೋಣೆ ಕೊಳೆಯಾಗಿದೆ. ಖಾಲಿ ಕೇಸಿಗೆ ಮುಂದೆ ಗುಂಡು ಇಲ್ಲ, ಅದು ಪೂರ್ತಿ ಒಳಗೆ ಕೂರುತ್ತದೆ. ಗುಂಡು ಇರುವ ತೋಟಾ ಮುಂದಿನ ಮಸಿಗೆ ತಾಗಿ ಕೂದಲೆಳೆಯಷ್ಟು ಹಿಂದೆ ನಿಲ್ಲುತ್ತದೆ. ಮೊದಲ ಹೊಡೆತದ ಬಲ ಅದನ್ನು ಒಳಗೆ ತಳ್ಳುವುದರಲ್ಲೇ ಮುಗಿಯುತ್ತದೆ, ಎರಡನೆಯದು ನಿಜವಾಗಿ ಜಜ್ಜುತ್ತದೆ. 'ಎರಡನೇ ಸಲಕ್ಕೆ ಹಾರುತ್ತದೆ' ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದೇ ಕೋಣೆ ಯಾವಾಗ ತೊಳೆದಿರಿ ಅಂತ.

.22 ಗುಂಡಿನ ಮೇಲೆ ಮೇಣದ ಲೇಪ ಇರುತ್ತದೆ. ಅದು, ಸೀಸ, ಮಸಿ ಮೂರೂ ಸೇರಿ ಕೋಣೆಯ ಮುಂಭಾಗದಲ್ಲಿ ಗಟ್ಟಿ ಉಂಗುರ ಕಟ್ಟುತ್ತದೆ. ಅದೇ ಕೋವಿಯಲ್ಲಿ .22 ಶಾರ್ಟ್ ಕೂಡ ಹೊಡೆಯುತ್ತಿದ್ದರೆ ಬೇಗ ಕಟ್ಟುತ್ತದೆ, ಯಾಕೆಂದರೆ ಗಿಡ್ಡ ಕೇಸಿನ ಮುಂದೆ ಖಾಲಿ ಉಳಿದ ಜಾಗವೆಲ್ಲ ಮಸಿಯ ಪಾಲು. ತೊಳೆಯಲು ಸರಿಯಾದ ಅಳತೆಯ ಕಂಚಿನ ಬ್ರಷ್ ಬೇಕು, ಗನ್ ಸಾಲ್ವೆಂಟ್ ಬೇಕು. ಹಿಂದಿನಿಂದ ಹಾಕಿ, ಸಾಲ್ವೆಂಟ್ ಸ್ವಲ್ಪ ಹೊತ್ತು ನೆನೆಯಲು ಬಿಡಿ, ಬ್ರಷ್ ತಿರುಗಿಸಿ, ಬಟ್ಟೆಯಲ್ಲಿ ಒಣಗಿಸಿ. ಆಗಿದೆಯಾ ಅಂತ ತಿಳಿಯಲು ತೋಟಾ ಹಾಕಿ ನೋಡಬೇಡಿ, ಟಾರ್ಚ್ ಬಿಟ್ಟು ನೋಡಿ. ಚಾಕುವಿನ ತುದಿ, ಡ್ರಿಲ್ ಬಿಟ್ ಒಳಗೆ ಹೋಗಲೇಬಾರದು.

ಕೊಬ್ಬರಿ ಎಣ್ಣೆ ಮತ್ತು ಮಾಗಿ ಚಳಿ

ನಮ್ಮ ಕಡೆ ಹುಸಿಗೆ ದೊಡ್ಡ ಕಾರಣ ಎಣ್ಣೆ. ತೋಟದ ಮನೆಗಳಲ್ಲಿ ಕೋವಿಗೆ ಕೊಬ್ಬರಿ ಎಣ್ಣೆ ಸವರುವ ಅಭ್ಯಾಸ ಹಿರಿಯರ ಕಾಲದಿಂದ ಬಂದಿದೆ. ಹೊರಗೆ ನಳಿಗೆಗೆ ಸವರಿದರೆ ದೊಡ್ಡ ನಷ್ಟ ಇಲ್ಲ. ಬೋಲ್ಟ್ ಒಳಗೆ ಹೋದರೆ ಕಷ್ಟ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಿಕ್ಕಮಗಳೂರಿನ ಡಿಸೆಂಬರ್ ಬೆಳಿಗ್ಗೆ ಅಷ್ಟು ಬಿಸಿ ಎಲ್ಲಿರುತ್ತದೆ ಅಲ್ವಾ? ಫೈರಿಂಗ್ ಪಿನ್ ಆ ಗಟ್ಟಿ ಎಣ್ಣೆಯೊಳಗೆ ತೆವಳಿಕೊಂಡು ಮುಂದೆ ಬರುತ್ತದೆ, ಅಂಚಿಗೆ ತಾಗುವ ಹೊತ್ತಿಗೆ ಬಲವೇ ಉಳಿದಿರುವುದಿಲ್ಲ.

ಬೇಲೂರು ಕಡೆಯ ನಮ್ಮ ಭಾವ ಒಬ್ಬರು ಫೋನ್ ಮಾಡಿ, "ಬೆಳಿಗ್ಗೆ ಹೊತ್ತು ಒಂದೂ ಹಾರಲ್ಲ ಮಾರಾಯ, ಹನ್ನೊಂದು ಗಂಟೆ ಆದ್ಮೇಲೆ ಎಲ್ಲಾ ಹಾರ್ತವೆ, ತೋಟಾಕ್ಕೆ ಬಿಸಿಲು ಬೇಕೇನೋ" ಅಂದರು. "ಭಾವ, ಬೋಲ್ಟ್‌ಗೆ ಯಾವ ಎಣ್ಣೆ ಹಾಕ್ತೀರಿ?" ಅಂತ ಕೇಳಿದೆ. "ಮನೇದೇ, ಗಾಣದ್ದು" ಅಂದರು. ಅಷ್ಟು ಸಾಕಾಯಿತು. ಬೋಲ್ಟ್ ಬಿಚ್ಚಿ ತೊಳೆಸಿದ ಮೇಲೆ ಅವರ ಕೋವಿ ಚಳಿಯಲ್ಲೂ ಹಾರುತ್ತಿದೆ. ಹೊತ್ತು ನೋಡಿ ಕೈಕೊಡುವ ಕೋವಿ, ಅಂದರೆ ಬೆಳಿಗ್ಗೆ ಹುಸಿ, ಮಧ್ಯಾಹ್ನ ಸರಿ ಅನ್ನುವ ಕೋವಿ, ಹೆಚ್ಚಾಗಿ ಎಣ್ಣೆಯದೇ ಕಥೆ.

ಹರಳೆಣ್ಣೆ, ಗ್ರೀಸ್, ಗಾಡಿಯ ಎಂಜಿನ್ ಆಯಿಲ್ ಯಾವುದೂ ಬೋಲ್ಟ್ ಒಳಗೆ ಬೇಡ. ಹಳೇ ಎಣ್ಣೆ ಧೂಳು ಹಿಡಿದು ಅಂಟಾಗುತ್ತದೆ. ನಿಮ್ಮ ರೈಫಲ್‌ನ ಪುಸ್ತಕದಲ್ಲಿ ಬೋಲ್ಟ್ ಬಿಚ್ಚುವ ಕ್ರಮ ಇದ್ದರೆ ಅಷ್ಟನ್ನೇ ಮಾಡಿ. ಸ್ಪ್ರಿಂಗ್ ಒತ್ತಡದಲ್ಲಿರುತ್ತದೆ, ಕನ್ನಡಕ ಹಾಕಿಕೊಳ್ಳಿ, ಬಿಳಿ ಬಟ್ಟೆ ಹಾಸಿ ಅದರ ಮೇಲೆ ಬಿಚ್ಚಿ, ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಪಿನ್, ಸ್ಪ್ರಿಂಗ್, ಪಿನ್ ಓಡಾಡುವ ತೂತು, ಮೂರನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒರೆಸಿ. ಒಲೆಯ ಹತ್ತಿರ ಈ ಕೆಲಸ ಬೇಡ. ವಾಪಸ್ ಜೋಡಿಸುವಾಗ ಹೊಲಿಗೆ ಯಂತ್ರದ ಎಣ್ಣೆ ಅಥವಾ ಗನ್ ಆಯಿಲ್ ಒಂದು ಹನಿಯನ್ನು ಬೆರಳಿಗೆ ಸವರಿಕೊಂಡು ಪಿನ್ನಿಗೆ ಹಚ್ಚಿ. ಹೊಳೆದರೆ ಸಾಕು, ಒದ್ದೆ ಆಗಬಾರದು.

ಬಿಚ್ಚಿದಾಗ ಪಿನ್ನಿನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಮೂಲೆ ಹಾರಿದ್ದರೆ, ದುಂಡಾಗಿದ್ದರೆ ಬದಲಿಸಬೇಕು. ಇದಕ್ಕೆ ಬಹಳ ಸಲ ಕಾರಣ ಖಾಲಿ ಹೊಡೆತ. ಹಳೇ .22 ಕೋವಿಯನ್ನು ತೋಟಾ ಇಲ್ಲದೆ ಟಿಕ್ ಟಿಕ್ ಅನ್ನಿಸಿದರೆ ಪಿನ್ ನೇರ ಕೋಣೆಯ ಉಕ್ಕಿನ ಅಂಚಿಗೆ ಬಡಿಯುತ್ತದೆ. ಪಿನ್ ಮೊಂಡಾಗುತ್ತದೆ, ಕೋಣೆಯ ಬಾಯಿಯಲ್ಲಿ ಸಣ್ಣ ಉಬ್ಬು ಏಳುತ್ತದೆ. ಆ ಉಬ್ಬಿನಿಂದ ತೋಟಾ ಸರಾಗವಾಗಿ ಒಳಗೂ ಹೋಗುವುದಿಲ್ಲ, ಹೊಡೆದ ಕೇಸು ಹೊರಗೂ ಬರುವುದಿಲ್ಲ. ಮಕ್ಕಳ ಕೈಗೆ 'ಖಾಲಿ ಇದೆ, ಎಳೆದು ನೋಡು' ಅಂತ ಕೋವಿ ಕೊಡುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟ ಆಗುತ್ತದೆ. ಕೋವಿಗೂ ಕೆಟ್ಟದ್ದು, ಮಗುವಿಗೆ ಕಲಿಸುವ ಪಾಠವೂ ಕೆಟ್ಟದ್ದು. ಅಭ್ಯಾಸ ಮಾಡಬೇಕಿದ್ದರೆ ಸ್ನ್ಯಾಪ್ ಕ್ಯಾಪ್, ಅಂದರೆ ಮದ್ದಿಲ್ಲದ ನಕಲಿ ತೋಟಾ, ಹಾಕಿಕೊಳ್ಳಿ.

ಪಿನ್ ಸರಿ, ಸ್ಪ್ರಿಂಗ್ ಹೊಸದು, ಕೋಣೆ ಸ್ವಚ್ಛ, ತೋಟಾ ಹೊಸದು, ಆದರೂ ತಗ್ಗು ತೆಳು ಅಂದರೆ ಉಳಿಯುವುದು ಹೆಡ್‌ಸ್ಪೇಸ್. ಅಂದರೆ ಮುಚ್ಚಿದ ಬೋಲ್ಟ್‌ನ ಮುಖಕ್ಕೂ ತೋಟಾದ ಅಂಚು ಕೂರುವ ಜಾಗಕ್ಕೂ ನಡುವಿನ ಅಂತರ. .22 ಲಾಂಗ್ ರೈಫಲ್‌ಗೆ ಇದು 1.09 ಮಿಲಿಮೀಟರ್‌ನಿಂದ 1.17 ಮಿಲಿಮೀಟರ್ ಒಳಗೆ ಇರಬೇಕು. ಬೋಲ್ಟ್ ಸವೆದು ಜಾಸ್ತಿ ಆದರೆ ತೋಟಾ ಮುಂದಕ್ಕೆ ಜಾರಿ ಪೆಟ್ಟನ್ನು ನುಂಗುತ್ತದೆ, ಕೆಲವು ಸಲ ಅಂಚು ಉಬ್ಬಿ ಒಡೆಯುತ್ತದೆ. ಅಳೆಯುವ ಗೇಜ್ ಗನ್‌ಸ್ಮಿತ್ ಹತ್ತಿರ ಇರುತ್ತದೆ. ಮನೆಯಲ್ಲಿ ವಾಷರ್ ಹಾಕಿ ಸರಿ ಮಾಡುವ ಕೆಲಸ ಇದಲ್ಲ.

ಟ್ರಿಗರ್ ಬಿಗಿ, ಟ್ರಿಗರ್ ಸಡಿಲ

ಬಿಗಿ ಟ್ರಿಗರ್‌ಗೆ ಮಲೆನಾಡಿನಲ್ಲಿ ಮೊದಲು ನೋಡಬೇಕಾದದ್ದು ಕೋವಿಯ ಮರ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ಊರಲ್ಲಿ ಮರ ನೀರು ಕುಡಿದು ಊದಿಕೊಳ್ಳುತ್ತದೆ. ಟ್ರಿಗರ್ ಹಾದುಹೋಗುವ ಸೀಳು ಕಿರಿದಾಗಿ ಟ್ರಿಗರ್‌ನ ಪಕ್ಕ ಮರಕ್ಕೆ ಉಜ್ಜುತ್ತದೆ. ಎಳೆಯುವಾಗ ಗರಗರ ಅನ್ನುತ್ತದೆ, ಬಿಟ್ಟಾಗ ಪೂರ್ತಿ ವಾಪಸ್ ಬರುವುದಿಲ್ಲ. ಖಾಲಿ ಮಾಡಿದ ಕೋವಿಯ ಟ್ರಿಗರ್ ಎರಡೂ ಪಕ್ಕ ತೆಳು ಕಾಗದ ತೂರಿಸಿ ನೋಡಿ. ಒಂದು ಕಡೆ ತೂರದಿದ್ದರೆ ಅಲ್ಲೇ ಉಜ್ಜುತ್ತಿದೆ. ಮರವನ್ನು ಬೇರೆ ಮಾಡಿ, ಗಾಳಿಯಾಡುವ ಒಣ ಕೋಣೆಯಲ್ಲಿ ಕೆಲವು ದಿನ ಇಟ್ಟರೆ ಎಷ್ಟೋ ಸಲ ತಾನೇ ಸರಿಯಾಗುತ್ತದೆ. ಬಚ್ಚಲ ಒಲೆಯ ಹತ್ತಿರ ನಿಲ್ಲಿಸಬೇಡಿ, ಮರ ಸೀಳುತ್ತದೆ, ಹೊಗೆ ಮತ್ತು ಹಬೆಗೆ ಉಕ್ಕು ತುಕ್ಕು ಹಿಡಿಯುತ್ತದೆ.

ಮರಕ್ಕೆ ಕೋವಿಯನ್ನು ಹಿಡಿದಿರುವ ಸ್ಕ್ರೂ ಇನ್ನೊಂದು. ಸಡಿಲ ಇದೆ ಅಂತ ಬಲವಾಗಿ ತಿರುಗಿಸಿದರೆ ಟ್ರಿಗರ್ ಗಾರ್ಡ್ ಬಾಗಿ ಮೇಲಿನ ಭಾಗಗಳನ್ನು ಒತ್ತುತ್ತದೆ. ಸ್ಕ್ರೂ ಸ್ವಲ್ಪ ಸಡಿಲಿಸಿದಾಗ ಟ್ರಿಗರ್ ಹಗುರ ಆದರೆ ಕಾರಣ ಅದೇ.

ಬೋಲ್ಟ್ ಪೂರ್ತಿ ಕೆಳಗೆ ಬಂದಿದೆಯಾ, ಸೇಫ್ಟಿ ಅರ್ಧದಲ್ಲಿ ನಿಂತಿದೆಯಾ ಅನ್ನುವುದನ್ನೂ ನೋಡಿ. ಎಷ್ಟೋ 'ಟ್ರಿಗರ್ ಕೆಲಸ ಮಾಡ್ತಿಲ್ಲ' ಅನ್ನುವ ದೂರು ಇಲ್ಲೇ ಮುಗಿಯುತ್ತದೆ. ಟ್ರಿಗರ್ ಒಳಗೆ ಜಿಡ್ಡು ಇದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ಸಣ್ಣ ಬ್ರಷ್‌ನಿಂದ ಬಿಚ್ಚದೆಯೇ ತೊಳೆದು ಒಣಗಿಸಬಹುದು. ಮನೆಯಲ್ಲಿ ಮಾಡುವ ಕೆಲಸ ಅಷ್ಟಕ್ಕೆ ನಿಲ್ಲಲಿ.

ಬಿಗಿ ಟ್ರಿಗರ್‌ಗಿಂತ ಸಡಿಲ ಟ್ರಿಗರ್ ಅಪಾಯ. ಬೋಲ್ಟ್ ಮುಚ್ಚುವಾಗಲೇ ಪಿನ್ ಬಿದ್ದುಹೋಗುತ್ತದೆ, ಕಾಕ್ ನಿಲ್ಲುವುದೇ ಇಲ್ಲ, ಮುಟ್ಟಿದರೆ ಹಾರುತ್ತದೆ ಅಂದರೆ ಪಿನ್ನನ್ನು ಹಿಡಿದು ನಿಲ್ಲಿಸುವ ಸಿಯರ್ ಅನ್ನುವ ಕೊಕ್ಕೆ ಸವೆದಿದೆ, ಅಥವಾ ಜಿಡ್ಡಿನಿಂದ ಅದು ಪೂರ್ತಿ ಮೇಲೆ ಬರುತ್ತಿಲ್ಲ. ಪರೀಕ್ಷೆಗೆ ಮತ್ತೆ ಖಾಲಿ ಕೇಸು ಅಥವಾ ಸ್ನ್ಯಾಪ್ ಕ್ಯಾಪ್ ಹಾಕಿ. ಕಾಕ್ ಮಾಡಿ, ಸೇಫ್ಟಿ ಹಾಕಿ, ಟ್ರಿಗರ್ ಬಲವಾಗಿ ಎಳೆದು ಬಿಡಿ. ಈಗ ಸೇಫ್ಟಿ ತೆಗೆಯಿರಿ. ಆ ಕ್ಷಣ ಪಿನ್ ಬಿದ್ದರೆ ಸೇಫ್ಟಿ ನಂಬುವ ಹಾಗಿಲ್ಲ. ಆಮೇಲೆ ಬೋಲ್ಟ್ ಅನ್ನು ಕೆಲವು ಸಲ ಜೋರಾಗಿ ಮುಚ್ಚಿ ನೋಡಿ. ಕಾಕ್ ಆದ ಕೋವಿಯ ಹಿಂಭಾಗವನ್ನು ರಬ್ಬರ್ ಮ್ಯಾಟ್ ಮೇಲೆ ಕುಟ್ಟಿ ನೋಡಿ. ಯಾವುದರಲ್ಲಾದರೂ ಪಿನ್ ಬಿದ್ದರೆ ಆ ಕೋವಿಗೆ ತೋಟಾ ಹಾಕಬೇಡಿ, ರಿಪೇರಿ ಆಗುವ ತನಕ ಬೀಗ ಹಾಕಿ ಇಡಿ.

ಕೆಲವರು ಟ್ರಿಗರ್ ಹಗುರ ಆಗಲಿ ಅಂತ ಕೊಕ್ಕೆಯನ್ನು ಅರದಲ್ಲಿ ಉಜ್ಜುತ್ತಾರೆ. ದಯವಿಟ್ಟು ಮಾಡಬೇಡಿ. ಹಳೇ ಕೋವಿಗಳಲ್ಲಿ ಈ ಭಾಗಕ್ಕೆ ಗಟ್ಟಿತನ ಮೇಲ್ಪದರದಲ್ಲಿ ಮಾತ್ರ ಇರುತ್ತದೆ. ಅದು ಉಜ್ಜಿಹೋದರೆ ಒಳಗಿನ ಮೆದು ಉಕ್ಕು ಬೇಗ ಸವೆಯುತ್ತದೆ, ಒಂದು ದಿನ ಬೋಲ್ಟ್ ಮುಚ್ಚಿದಾಗಲೇ ಈಡು ಹಾರುತ್ತದೆ. 50 ಮೀಟರ್ ಸ್ಪರ್ಧೆಯ ರೈಫಲ್‌ಗಳ ಟ್ರಿಗರ್ ತುಂಬಾ ಹಗುರ ಇರುತ್ತದೆ ನಿಜ, ನಿಯಮದಲ್ಲೂ ಅದನ್ನು ಎಳೆಯಲು ಇಂತಿಷ್ಟಾದರೂ ತೂಕ ಬೇಕು ಅಂತ ಇಲ್ಲ. ಆದರೆ ಅದು ರೇಂಜ್‌ನಲ್ಲಿ ಮಲಗಿ, ನಿಂತು, ಗುರಿಗೆ ಇಟ್ಟ ಮೇಲೆ ಮಾತ್ರ ತೋಟಾ ಹಾಕುವ ಕೋವಿ. ತೋಟದ ಮನೆಯ ಕೋವಿಗೆ ಆ ಟ್ರಿಗರ್ ಬೇಡ.

ಠಾಣೆಯಿಂದ ಬಂದ ಕೋವಿ, ಅಜ್ಜನ ಕಾಲದ ತೋಟಾ

ಚುನಾವಣೆ ಬಂದಾಗ ಕೋವಿ ಠಾಣೆಗೆ ಒಪ್ಪಿಸುವುದು ನಮಗೆಲ್ಲ ಗೊತ್ತಿರುವ ಕ್ರಮ. ವಾಪಸ್ ಬಂದ ಕೋವಿಯನ್ನು ನೇರ ಬಳಸಬೇಡಿ. ಬಟ್ಟೆಯ ಅಥವಾ ಚರ್ಮದ ಕವರ್‌ನಲ್ಲಿ ತಿಂಗಳುಗಟ್ಟಲೆ ಇದ್ದರೆ ಕವರ್ ತೇವ ಹೀರಿ ಬೂಷ್ಟು ಹಿಡಿದಿರುತ್ತದೆ, ಎಣ್ಣೆ ಅಂಟಾಗಿರುತ್ತದೆ. ನಳಿಗೆಯಲ್ಲಿ ಕಣಜದ ಗೂಡು ಕೂಡ ಇರಬಹುದು. ಒಪ್ಪಿಸುವ ಮುಂಚೆ ಬೋಲ್ಟ್ ತೊಳೆದು, ತೆಳು ಎಣ್ಣೆ ಸವರಿ, ಕೊಟ್ಟ ಕೋವಿ ಎಷ್ಟೋ ಚೆನ್ನಾಗಿ ವಾಪಸ್ ಬರುತ್ತದೆ. ಮನೆಯಲ್ಲೂ ಅಷ್ಟೇ, ಕವರ್‌ನಿಂದ ತೆಗೆದು, ಬೀಗ ಹಾಕಿದ ಕಪಾಟಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಲೈಸೆನ್ಸ್‌ನಲ್ಲಿ ತೋಟಾಕ್ಕೆ ಲೆಕ್ಕ ಇರುವುದರಿಂದ ಜನ ಹಳೇ ಪೆಟ್ಟಿಗೆಗಳನ್ನು ಜೋಪಾನ ಮಾಡುತ್ತಾರೆ. ಬೇಸರ ಆದರೂ ಹೇಳಬೇಕು, .22 ತೋಟಾ ಗಾಳಿ ಹೋಗದಷ್ಟು ಗಟ್ಟಿಯಾಗಿ ಮುಚ್ಚಿರುವುದಿಲ್ಲ. ನಮ್ಮ ತೇವದಲ್ಲಿ ವರ್ಷಗಟ್ಟಲೆ ಬಿಟ್ಟರೆ ಹುಸಿ ಹೋಗುತ್ತದೆ. ಹಸಿರು ಕಿಲುಬು ಹಿಡಿದಿದ್ದು, ಗುಂಡು ಅಲ್ಲಾಡುವುದು, ಜೀಪಿನ ಡ್ಯಾಶ್‌ಬೋರ್ಡ್‌ನಲ್ಲಿ ಉರುಳಾಡಿದ್ದು ಯಾವುದನ್ನೂ ಬಳಸಬೇಡಿ. ತುಕ್ಕು ಬಿಡಿಸುವ ಸ್ಪ್ರೇಯನ್ನು ತೋಟಾದ ಹತ್ತಿರ ತರಬೇಡಿ, ಅದು ಒಳಗೆ ಇಳಿದರೆ ಮದ್ದು ಸಾಯುತ್ತದೆ. ಕೋವಿ ತೊಳೆದ ಮೇಲೆ ಕೋಣೆ ಒಣಗಿದೆಯಾ ನೋಡಿ ಅನ್ನುವುದಕ್ಕೂ ಇದೇ ಕಾರಣ. ಹೊಸ ತೋಟಾವನ್ನು ಗಾಳಿಯಾಡದ ಡಬ್ಬದಲ್ಲಿ, ಕೋವಿಯಿಂದ ಬೇರೆ ಕಡೆ, ಬೀಗದಲ್ಲಿ ಇಡಿ. ಹುಸಿ ಹೋದವನ್ನು ಒಲೆಗೆ ಹಾಕುವುದು, ಸುತ್ತಿಗೆಯಲ್ಲಿ ಬಿಚ್ಚುವುದು, ತೋಟದಲ್ಲಿ ಎಸೆಯುವುದು ಮಾಡದೆ ಲೈಸೆನ್ಸ್ ಇರುವ ಡೀಲರ್ ಹತ್ತಿರ ಕೊಂಡೊಯ್ದು ಏನು ಮಾಡಬೇಕು ಕೇಳಿ.

ಗನ್‌ಸ್ಮಿತ್ ಹತ್ತಿರ ಹೋಗುವಾಗ

ಸಿಯರ್, ಹೆಡ್‌ಸ್ಪೇಸ್, ಪಿನ್ ಬದಲಾವಣೆ, ಕೋಣೆಯ ಬಾಯಿಯ ಉಬ್ಬು, ಈ ನಾಲ್ಕೂ ಗನ್‌ಸ್ಮಿತ್ ಕೆಲಸ. 1959ರ ಆಯುಧ ಕಾಯ್ದೆಯ ಪ್ರಕಾರ ಕೋವಿ ರಿಪೇರಿ ಮಾಡಿಕೊಡುವವರಿಗೂ ಲೈಸೆನ್ಸ್ ಇರಬೇಕು. ಊರಿನ ಲೇತ್ ಅಂಗಡಿಯವರು ಎಷ್ಟೇ ಕೈಚಳಕದವರಾದರೂ ಅವರ ಹತ್ತಿರ ಕೋವಿ ಬಿಟ್ಟು ಬರುವ ಹಾಗಿಲ್ಲ, ಅವರಿಗೂ ತೊಂದರೆ, ನಿಮಗೂ ತೊಂದರೆ. ಡೀಲರ್‌ಗಳನ್ನು ಕೇಳಿದರೆ ಲೈಸೆನ್ಸ್ ಇರುವವರು ಯಾರು ಅಂತ ಹೇಳುತ್ತಾರೆ. ಕೊಟ್ಟಿದ್ದಕ್ಕೆ ರಸೀದಿ ತೆಗೆದುಕೊಳ್ಳಿ, ಲೈಸೆನ್ಸ್ ಪುಸ್ತಕ ಜೊತೆಗಿರಲಿ.

'ಸರಿಯಾಗಿ ಹಾರ್ತಿಲ್ಲ, ನೋಡಿ ಸ್ವಾಮಿ' ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಗುರುತು ಬಿದ್ದ ಖಾಲಿ ಕೇಸುಗಳನ್ನು ಕವರ್‌ನಲ್ಲಿ ಹಾಕಿ ತೆಗೆದುಕೊಂಡು ಹೋಗಿ. ಯಾವ ತೋಟಾ, ಎಷ್ಟಕ್ಕೊಂದು ಹುಸಿ, ಎರಡನೇ ಹೊಡೆತಕ್ಕೆ ಹಾರಿತಾ, ಚಳಿಯಲ್ಲಾ ಬಿಸಿಲಲ್ಲಾ, ಹುಸಿ ತೋಟಾದ ತಗ್ಗು ಆಳವಾ ತೆಳುವಾ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಕೋವಿ ವಾಪಸ್ ಬಂದ ಮೇಲೆ ಖಾಲಿ ಕೇಸಿನ ಪರೀಕ್ಷೆ, ಸೇಫ್ಟಿ ಪರೀಕ್ಷೆ ಎರಡನ್ನೂ ಮನೆಯಲ್ಲಿ ಮತ್ತೆ ಮಾಡಿ. ಆಮೇಲೆ ರೇಂಜ್‌ನಲ್ಲಿ, ಮ್ಯಾಗಜಿನ್ ಇಲ್ಲದೆ, ಒಂದೊಂದೇ ತೋಟಾ ಹಾಕಿ ಹೊಡೆದು ನೋಡಿ. ಒಂದೊಂದಾಗಿ ಹಾಕಿದಾಗ ಎಲ್ಲ ಹಾರಿ, ಮ್ಯಾಗಜಿನ್ ಹಾಕಿದಾಗ ಮತ್ತೆ ಟಿಕ್ ಅಂದರೆ ಕೋವಿಯ ಕೆಲಸ ಸರಿಯಾಗಿದೆ, ನೋಡಬೇಕಾದದ್ದು ಮ್ಯಾಗಜಿನ್‌ನ ಸ್ಪ್ರಿಂಗ್ ಮತ್ತು ಅದರ ಬಾಗಿದ ತುಟಿ.